ಖಾನಾಪುರದಲ್ಲಿ ಯಾರೂ ಸ್ಕೂಟಿ ಹುಡುಕುವುದಿಲ್ಲವಂತೆ

ನಾನು ಹೆಂಗಸರಿಗೆ ಸ್ಕೂಟಿ ಕಲಿಸುವವಳು. ಬೆಳಗಾವಿ ಪಕ್ಕದ ಪೀರನವಾಡಿಯ ಅಂಚಿನಲ್ಲಿ ರಸ್ತೆಗಳು ಬಂದು ಮನೆಗಳು ಇನ್ನೂ ಬಾರದ ಒಂದು ಲೇಔಟ್ ಇದೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ಅದೇ ನನ್ನ ಸಾಲೆ. ಇದು ನಮ್ಮ ಮೂರನೆಯ ಲೇಔಟ್. ಮೊದಲಿನ ಎರಡರಲ್ಲಿ ಮನೆಗಳೆದ್ದು ನಮ್ಮನ್ನು ಮುಂದಕ್ಕೆ ಓಡಿಸಿದವು. ನನ್ನ ಬಳಿ ಎರಡು ಹಳೆಯ ಗಾಡಿಗಳಿವೆ. ಆಟೋ ನಗರದ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಅವುಗಳ ಆಕ್ಸಿಲರೇಟರ್ ಪೂರ್ತಿ ತಿರುಗದಂತೆ ತಡೆ ಹಾಕಿಕೊಟ್ಟಿದ್ದಾರೆ. ಗಾಬರಿಯಲ್ಲಿ ಎಷ್ಟೇ ಹಿಂಡಿದರೂ ಗಾಡಿ ನೆಗೆಯುವುದಿಲ್ಲ.

ನಾನು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಮೊದಲ ಎರಡು ದಿನ ನಮ್ಮ ಮನೆಯವರೇ ಕಲಿಸಿದರು, ಅಂದರೆ ಹಿಂದೆ ಓಡುತ್ತ ಕೂಗಿದರು. ಮೂರನೆಯ ದಿನ ಅವರು ಕೆಲಸಕ್ಕೆ ಹೋದ ಮೇಲೆ ಕೀಲಿ ತೆಗೆದುಕೊಂಡು ಒಬ್ಬಳೇ ಹೋದೆ, ಬಿದ್ದೆ, ಎದ್ದೆ, ಸಂಜೆಯ ಹೊತ್ತಿಗೆ ಬಂತು. ಹೆದರಿದ ಹೆಂಗಸಿಗೆ ಗಾಡಿ ಕಲಿಸುವಾಗ ಕೂಗಬಾರದು ಎಂಬ ಒಂದೇ ತಿಳಿವಳಿಕೆಯ ಮೇಲೆ ನನ್ನ ಇಷ್ಟು ವರ್ಷದ ಉದ್ಯೋಗ ನಿಂತಿದೆ. ಜಾಹೀರಾತು ಎಂದೂ ಬೇಕಾಗಿರಲಿಲ್ಲ. ಕಲಿತವಳು ತನ್ನ ಅಕ್ಕನನ್ನು ಕಳಿಸುತ್ತಿದ್ದಳು, ಅಕ್ಕ ತನ್ನ ನಾದಿನಿಯನ್ನು.

ಖಾನಾಪುರದ ಕಡೆಯಿಂದ ಐದು ಜನ ಬರತೊಡಗಿದ ಮೇಲೆ ಜಾಹೀರಾತಿನ ಮಾತು ಬಂತು. ಬಸ್ಸು ಹಿಡಿದು ಅವರು ನನ್ನ ಬಳಿ ತಲುಪುವಷ್ಟರಲ್ಲಿ ಬೆಳಗಿನ ಅರ್ಧ ಹೊತ್ತು ಹೋಗಿರುತ್ತಿತ್ತು. ಅವರಲ್ಲಿ ಒಬ್ಬರು ಅಂಗನವಾಡಿ ಟೀಚರು. ನಲವತ್ತು ದಾಟಿದವರು, ಗಿಡ್ಡ ಆಳು, ಮಾತು ಕಡಿಮೆ. ಅವರ ಅಂಗನವಾಡಿ ಇರುವ ಊರಿಗೆ ದಿನಕ್ಕೆ ಎರಡೇ ಬಸ್ಸು. ತಪ್ಪಿದರೆ ಕಾಡಿನ ಅಂಚಿನ ದಾರಿಯಲ್ಲಿ ನಡೆದು ಹೋಗಬೇಕು. ಇವರೆಲ್ಲ ಇಲ್ಲಿಗೆ ಬರುವ ಬದಲು ನಾನೇ ವಾರಕ್ಕೆ ಎರಡು ದಿನ ಅಲ್ಲಿಗೆ ಹೋದರಾಯಿತು ಅನ್ನಿಸಿತು. ಖಾನಾಪುರದ ಸ್ಟೇಶನ್ ಹತ್ತಿರ ಒಂದು ಅಕ್ಕಿ ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಅಂಗಳ ಸಿಕ್ಕಿತು. ಆದರೆ ಆ ಊರಿನಲ್ಲಿ ನನ್ನನ್ನು ಬಲ್ಲವರು ಈ ಐದು ಜನ ಬಿಟ್ಟರೆ ಯಾರೂ ಇರಲಿಲ್ಲ. ನನ್ನ ಬಳಿ ಕಲಿತ ಬ್ಯಾಂಕಿನ ಹುಡುಗಿಯೊಬ್ಬಳು, ಈಗ ಎಲ್ಲರೂ ಮೊಬೈಲಿನಲ್ಲೇ ಹುಡುಕುತ್ತಾರೆ, ಅಲ್ಲೇ ಜಾಹೀರಾತು ಹಾಕಿಸಿ ಎಂದು ಬೆಳಗಾವಿಯ ಒಂದು ಕಚೇರಿಯ ವಿಳಾಸ ಕೊಟ್ಟಳು.

ಕಚೇರಿ ಪಾತ್ರೆ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿತ್ತು. ಅಲ್ಲಿಯ ಮ್ಯಾನೇಜರಿಗೆ ಮೂವತ್ತರ ಸುಮಾರು ವಯಸ್ಸು. ಒಳ್ಳೆಯ ಮಾತುಗಾರ. ನೀರು ಕೊಡಿಸಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತಾಳ್ಮೆಯಿಂದ ವಿವರಿಸಿದರು. ಜನ ಮೊಬೈಲಿನಲ್ಲಿ ಏನೇನೋ ಬರೆದು ಹುಡುಕುತ್ತಾರೆ. ಯಾವ ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂಬ ಅಂದಾಜನ್ನು ಒಂದು ಯಂತ್ರ ಕೊಡುತ್ತದೆ. ಹೆಚ್ಚು ಜನ ಹುಡುಕುವ ಪದವನ್ನು ನಾವು ಹಿಡಿದುಕೊಂಡರೆ, ಅದನ್ನು ಹುಡುಕಿದವರಿಗೆ ನಮ್ಮ ಜಾಹೀರಾತು ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಅದನ್ನು ಒತ್ತಿದರೆ ಮಾತ್ರ ನಾವು ದುಡ್ಡು ಕೊಡಬೇಕು. ಆ ಪದಗಳಿಗೆ ಕೀವರ್ಡ್ ಎಂದು ಹೆಸರು. ಸುಳ್ಳು ಯಾಕೆ ಹೇಳಲಿ, ನನಗೆ ಈ ವಿದ್ಯೆ ಬಹಳ ಹಿಡಿಸಿತು. ಒಂದು ಊರಿನ ಜನರ ಮನಸ್ಸಿನಲ್ಲಿ ಏನಿದೆ ಎಂದು ಎಣಿಸಿ ಇಟ್ಟವರು ಒಬ್ಬರಿದ್ದಾರಲ್ಲ ಎಂದು ಅಚ್ಚರಿಪಟ್ಟೆ.

ಆಮೇಲೆ ಅವರು ನನ್ನ ಪಟ್ಟಿ ತೆಗೆದರು. ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ ‘ಡ್ರೈವಿಂಗ್ ಸ್ಕೂಲ್ ಖಾನಾಪುರ’ ಎಂದಿತ್ತು, ಎದುರಿಗೆ ದಪ್ಪ ಸಂಖ್ಯೆ. ಅದರ ಕೆಳಗೆ ಮಹಿಳೆಯರ ಸ್ಕೂಟಿ ಕ್ಲಾಸು ಖಾನಾಪುರ ಎಂದು ಇಂಗ್ಲಿಷಿನಲ್ಲೇ ಬರೆದು ಎದುರಿಗೆ ಸೊನ್ನೆ. ನನ್ನ ಸಮಾಧಾನಕ್ಕೆ ಕನ್ನಡದಲ್ಲೂ ಒಂದು ಸಾಲು ಹಾಕಿದ್ದರು: ‘ಮಹಿಳೆಯರಿಗೆ ದ್ವಿಚಕ್ರ ವಾಹನ ಚಾಲನಾ ತರಬೇತಿ’. ಅದಕ್ಕೂ ಸೊನ್ನೆ. ಸರಕಾರಿ ಬೋರ್ಡು ಬಿಟ್ಟರೆ ಹೀಗೆ ಮಾತಾಡುವವರು ಯಾರು ಎಂದು ನಗು ಬಂತು.

“ಹೆಣಮಕ್ಕಳು ಇದನ್ನ ಹುಡಕೂದ ಇಲ್ರಿ ಮೇಡಮ್ಮರ,” ಎಂದರು ಅವರು. “ಖಾನಾಪುರದಾಗ ಇದಕ್ಕ ಡಿಮಾಂಡ್ ಇಲ್ಲ.”

ಆ ನಗು ಅಲ್ಲಿಗೇ ನಿಂತಿತು. ಅದೇ ಊರಿನ ಐದು ಜನ ಆ ದಿನ ಬೆಳಿಗ್ಗೆಯಷ್ಟೇ ನನ್ನ ಮುಂದೆ ಗಾಡಿ ಹಿಡಿದು ಸುತ್ತು ಹಾಕಿ ಹೋಗಿದ್ದರು. ಹಾಗೆಂದು ಹೇಳಿದೆ. ಐದು ಜನರನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ಯಂತ್ರ ಲಕ್ಷಾಂತರ ಜನರನ್ನು ನೋಡಿ ಹೇಳುತ್ತದೆ ಎಂದರು. ಅವರ ದನಿಯಲ್ಲಿ ಮರ್ಯಾದೆ ಇತ್ತು, ಅದಕ್ಕೇ ಸಿಟ್ಟು ಮಾಡಲಾಗಲಿಲ್ಲ. ನನಗೆ ತಿಳಿಯದ ವಿದ್ಯೆ, ಅವರಿಗೆ ತಿಳಿದಿದೆ ಅಂದುಕೊಂಡು ದಪ್ಪ ಸಂಖ್ಯೆಯ ಪದವನ್ನೇ ಹಿಡಿಯಲು ಒಪ್ಪಿ ಸಹಿ ಹಾಕಿ ಬಂದೆ. ಆ ಸಹಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಜಾಹೀರಾತು ಶುರುವಾದ ಮರುದಿನವೇ ಫೋನು ಬರತೊಡಗಿದವು. ಮೊದಲ ಕರೆ ತೆಲುಗಿನಲ್ಲಿ. ನನಗೆ ತೆಲುಗು ಬಾರದು, ಆ ಮನುಷ್ಯನಿಗೆ ಬೇರೆ ಏನೂ ಬಾರದು. ಇಬ್ಬರೂ ಒಬ್ಬರಿಗೊಬ್ಬರು ಹಲೋ ಹೇಳಿಕೊಂಡು ಇಟ್ಟೆವು. ಆಮೇಲೆ ಮರಾಠಿಯಲ್ಲಿ ಒಬ್ಬರು ಕಾರು ಕಲಿಸುತ್ತೀರಾ ಎಂದರು. ಇನ್ನೊಬ್ಬರಿಗೆ ಟ್ರ್ಯಾಕ್ಟರ್ ಲೈಸೆನ್ಸು ಬೇಕಿತ್ತು. ನಮ್ಮ ಖಾನಾಪುರದ ಗಂಡಸರೂ ಫೋನು ಮಾಡಿದರು. ಅವರಿಗೆ ಕಲಿಯುವುದು ಬೇಡ, ಟೆಸ್ಟಿಗೆ ಹೋಗದೆ ಲೈಸೆನ್ಸು ಮಾಡಿಸಿಕೊಡುತ್ತೀರಾ ಎಂಬುದೊಂದೇ ಪ್ರಶ್ನೆ. ಒಬ್ಬ, ಕಲಿಸುವಾಗ ಹಿಂದಿನ ಸೀಟಿನ ಮೇಲೆ ನೀವೇ ಕೂಡುತ್ತೀರಾ ಎಂದು ಕೇಳಿ ನಕ್ಕ. ಐವತ್ತೆರಡು ವರ್ಷದ ನಾನು ಸಂತೆಯಲ್ಲಿ ಕಾಯಿಪಲ್ಲೆ ಹಿಡಿದು ನಿಂತಲ್ಲೇ ಅದನ್ನು ಕೇಳಿಸಿಕೊಳ್ಳಬೇಕಾಯಿತು. ಇಂಥವರು ಒಬ್ಬೊಬ್ಬರು ಒತ್ತಿದಾಗಲೂ ಖರ್ಚು ನನ್ನದೇ.

ಐದನೆಯ ದಿನ ಒಬ್ಬ ಹೆಂಗಸು ಫೋನು ಮಾಡಿದಳು. ಮೃದುವಾದ ಮರಾಠಿ. ತಾನು ಸಾಲೆಯಲ್ಲಿ ಗುಮಾಸ್ತೆ, ಸ್ಕೂಟಿ ಕಲಿಯಬೇಕು, ಕ್ಲಾಸು ಎಲ್ಲಿ ಎಂದಳು. ಕೊನೆಗೂ ಒಬ್ಬಳು ಬಂದಳಲ್ಲ ಎಂಬ ಖುಷಿಯಲ್ಲಿ ರೇಲ್ವೆ ಸ್ಟೇಶನ್ ಹತ್ತಿರ, ಅಕ್ಕಿ ಗಿರಣಿಯ ಹಿಂದೆ ಎಂದೆ. ಅದಕ್ಕವಳು, ನಮ್ಮ ಖಾನಾಪುರಕ್ಕೆ ರೇಲ್ವೆಯೇ ಇಲ್ಲವಲ್ಲ ಎಂದಳು. ಕೇಳುತ್ತ ಹೋದರೆ ಅವಳದು ಮಹಾರಾಷ್ಟ್ರದ ಖಾನಾಪುರ, ಸಾಂಗಲಿ ಜಿಲ್ಲೆಯದು. ಇಬ್ಬರೂ ನಕ್ಕೆವು. ಇಡುವ ಮುಂಚೆ ಅವಳು, ನಮ್ಮಲ್ಲಿ ಹೆಂಗಸರಿಗೆ ಕಲಿಸುವವರು ಯಾರೂ ಇಲ್ಲ ತಾಯಿ, ನೀವು ಇಲ್ಲಿದ್ದಿದ್ದರೆ ನಾಳೆಯೇ ಬರುತ್ತಿದ್ದೆ ಎಂದಳು. ತೆಲಂಗಾಣದಲ್ಲೂ ಒಂದು ಖಾನಾಪುರ ಇದೆ ಎಂದು ಬ್ಯಾಂಕಿನ ಹುಡುಗಿ ಆಮೇಲೆ ಹುಡುಕಿ ಹೇಳಿದಳು. ತೆಲುಗಿನವರು ಅಲ್ಲಿಂದ ಮಾಡಿದ್ದಿರಬೇಕು.

ಹಾಗಾದರೆ ಆ ದಪ್ಪ ಸಂಖ್ಯೆ ನಮ್ಮ ಖಾನಾಪುರದ್ದಲ್ಲ. ಆ ಹೆಸರಿನ ಊರುಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದು ತೂಗಿದ ಸಂಖ್ಯೆ. ಅದನ್ನು ತೋರಿಸಿ ನಮ್ಮ ಕಡೆಯ ಹೆಂಗಸರು ಏನನ್ನೂ ಹುಡುಕುವುದಿಲ್ಲ ಎಂದು ನನಗೆ ತಿಳಿಹೇಳಿದ್ದರು.

ಮರುದಿನ ಕ್ಲಾಸು ಮುಗಿಸಿ, ಹೆಲ್ಮೆಟ್ ಕೈಯಲ್ಲೇ ಹಿಡಿದು ಆ ಕಚೇರಿಯ ಮೆಟ್ಟಿಲು ಹತ್ತಿದೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ, ಅಂದಾಜು ತೆಗೆಯುವಾಗ ಜಾಗ ಎಂಬಲ್ಲಿ ಇಡೀ ದೇಶ ಎಂದೇ ಉಳಿದುಬಿಟ್ಟಿದೆ, ಜಾಹೀರಾತೂ ಹಾಗೇ ಹೋಗಿದೆ, ಸಣ್ಣ ಮಿಸ್ಟೇಕು ಎಂದರು. ಬರೀ ಖಾನಾಪುರ ತಾಲೂಕಿಗೆ ಇಟ್ಟು ಮತ್ತೆ ನೋಡಿದರೆ ಡ್ರೈವಿಂಗ್ ಸ್ಕೂಲಿನ ಸಂಖ್ಯೆಯೂ ಕುಸಿದು ಕೂತಿತು. ಸ್ಕೂಟಿಯ ಸೊನ್ನೆ ಮಾತ್ರ ಸೊನ್ನೆಯೇ.

“ಸೊನ್ನಿ ಅಂದ್ರ ಯಾರೂ ಇಲ್ಲ ಅಂತೇನ್ರಿ?” ಎಂದೆ.

“ಇದ್ರೂ ಕಾಣೂದಿಲ್ರಿ. ಕಾಣಲಾರದ್ದಕ್ಕ ನಾವೇನ ಮಾಡೂಣು?”

ಈ ಮಾತನ್ನು ನಾನು ಮನೆಗೆ ಹೊತ್ತು ತಂದೆ. ಕಾಣದಿದ್ದರೆ ಇಲ್ಲ ಎನ್ನುವುದು ಬೇರೆ, ಇದ್ದರೂ ನೋಡುವುದಿಲ್ಲ ಎನ್ನುವುದು ಬೇರೆ. ಮೊದಲನೆಯದು ತಪ್ಪು ತಿಳಿವಳಿಕೆ ಅನ್ನಬಹುದು. ಎರಡನೆಯದಕ್ಕೆ ಏನನ್ನಬೇಕು?

ಅಂಗನವಾಡಿ ಟೀಚರಿಗೆ ಇದನ್ನೆಲ್ಲ ಹೇಳಿದಾಗ ಅವರು ಸ್ಕೂಟಿಯ ಸೀಟಿನ ಮೇಲೆ ಕೂತೇ ಕೇಳಿದರು. ಆಮೇಲೆ, ತಾನೂ ಮೊಬೈಲಿನಲ್ಲಿ ಹುಡುಕಿದ್ದೆ ಎಂದರು. ಕೆಲಸಕ್ಕೆಂದು ಕೊಟ್ಟ ಮೊಬೈಲಿನಲ್ಲಿ ಹುಡುಕಿದರೆ ಮೇಲಿನವರಿಗೆ ಕಾಣಬಹುದೆಂದು ಹೆದರಿ, ಗಂಡ ಸ್ನಾನಕ್ಕೆ ಹೋದಾಗ ಅವರ ಮೊಬೈಲ್ ಹಿಡಿದು ಅಡುಗೆಮನೆಯಲ್ಲಿ ನಿಂತು, ಬೇಕಾದ್ದನ್ನು ಅದಕ್ಕೆ ಬಾಯಿಂದಲೇ ಹೇಳಿ ಹುಡುಕಿದ್ದರಂತೆ. ಬರೆಯುವಷ್ಟು ಹೊತ್ತಿರಲಿಲ್ಲ.

“ನಾ ಗಾಡಿ ಕಲಸವ್ರು ಅಂದ್ನಿರಿ ಅಕ್ಕಾರ. ಅದು ಗಾದಿ ಅಂತ ಕೇಳ್ತು. ಗಾದಿಗೆ ಹತ್ತಿ ತುಂಬವ್ರ ನಂಬರ್ ನಾಕೈದು ಬಂದ್ವು.”

ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಎರಡನೆಯ ಸಲ ಮೆಲ್ಲಗೆ ಹೇಳಿದಾಗ ಎತ್ತಿನ ಗಾಡಿಯ ಚಿತ್ರಗಳು ಬಂದವಂತೆ. ಅಷ್ಟರಲ್ಲಿ ಬಚ್ಚಲ ಬಾಗಿಲ ಸಪ್ಪಳ ಕೇಳಿ ಎಲ್ಲ ಅಳಿಸಿ ಮೊಬೈಲನ್ನು ಇದ್ದಲ್ಲೇ ಇಟ್ಟರು. ನನ್ನ ವಿಷಯ ಅವರಿಗೆ ತಿಳಿದದ್ದು ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಒಬ್ಬ ನರ್ಸಿನಿಂದ. ನಗು ಮುಗಿದ ಮೇಲೆ ನನಗೆ ಸಂಕಟವಾಯಿತು. ಯಂತ್ರದ ಪಾಲಿಗೆ ಅಂದು ಹುಡುಕಿದವನು ಒಬ್ಬ ಗಂಡಸು, ಅವನಿಗೆ ಬೇಕಾಗಿದ್ದದ್ದು ಗಾದಿ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪೀರನವಾಡಿಯಲ್ಲಿ ಕಲಿಯುವವರನ್ನು ಒಬ್ಬೊಬ್ಬರಾಗಿ ಕೇಳಿದೆ: ನೀವು ಹುಡುಕಿದ್ದರೆ ಏನಂತ ಹುಡುಕಿದಿರಿ? ಖಾನಾಪುರಕ್ಕೆ ಹೋದ ದಿನ ಟೀಚರು ತಮ್ಮ ಸ್ವಸಹಾಯ ಸಂಘದ ಸಭೆಗೆ ಕರೆದುಕೊಂಡು ಹೋದರು, ಅಲ್ಲಿಯೂ ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತವರನ್ನೂ ಬಿಡಲಿಲ್ಲ. ಮೊದಮೊದಲು ನಾಚಿಕೊಂಡರು. ಆಮೇಲೆ ತಮ್ಮ ಮೊಬೈಲನ್ನೇ ನನ್ನ ಕೈಗೆ ಕೊಟ್ಟರು.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದವರೇ ಹೆಚ್ಚು, ಅದರಲ್ಲೂ ಒಬ್ಬಳ ಅಕ್ಷರದ ಹಾಗೆ ಇನ್ನೊಬ್ಬಳದಿಲ್ಲ. ಕಲಿಸುವವರು ಎಂಬ ಒಂದೇ ಮಾತು ಏಳು ಥರ ಸಿಕ್ಕಿತು. ಕೆಲವರು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ್ದರು, ನಾವು ಮನೆಯಲ್ಲಿ ಮಾತಾಡುವುದೂ ಹಾಗೆಯೇ ತಾನೆ. ಊರಿನ ಹೆಸರನ್ನೂ ಬೆಳಗಾವಿ, ಬೆಳಗಾಂವ್, ಬೆಲ್ಗಾಮ್ ಎಂದು ಮನಸ್ಸಿಗೆ ಬಂದ ಹಾಗೆ ಬರೆದಿದ್ದರು. ಈ ಒಂದೊಂದೂ ಯಂತ್ರಕ್ಕೆ ಬೇರೆ ಬೇರೆ, ಒಂದೊಂದಕ್ಕೂ ಪ್ರತ್ಯೇಕ ಸೊನ್ನೆ.

ಆದರೆ ನಾನು ನಿರೀಕ್ಷಿಸದೇ ಇದ್ದದ್ದು ಬೇರೆ. ಅರ್ಧಕ್ಕರ್ಧ ಜನ ಕ್ಲಾಸು ಹುಡುಕಿಯೇ ಇರಲಿಲ್ಲ. ಅವರು ಹುಡುಕಿದ್ದು ತಮ್ಮ ಅಂಜಿಕೆಯನ್ನು. ಸ್ಕೂಟಿಯ ಮೇಲೆ ಕಾಲು ನೆಲಕ್ಕೆ ಮುಟ್ಟದಿದ್ದರೆ ಏನು ಮಾಡಬೇಕು. ನಲವತ್ತೈದರ ಮೇಲೆ ಗಾಡಿ ಕಲಿಯಬಹುದಾ. ಸೀರೆ ಉಟ್ಟು ಓಡಿಸಬಹುದಾ. ಸಿಝೇರಿಯನ್ ಆದ ಮೇಲೆ ಎಷ್ಟು ತಿಂಗಳಿಗೆ. ಲಾರಿ ಎದುರು ಬಂದರೆ ಕೈ ನಡುಗುತ್ತದೆ, ಯಾಕೆ. ಹಿಂಡಲಗಾದಿಂದ ಬರುತ್ತಿದ್ದ, ಎಲ್ಲರೂ ಅತ್ತಿಗೆ ಎಂದೇ ಕರೆಯುವ ಬಿಗಿ ಮುಖದ ಒಬ್ಬರು, ‘ಗಂಡ ಗಾಡಿ ಕೊಡದಿದ್ದರೆ’ ಎಂದಷ್ಟೇ ಬರೆದು ಮುಂದೆ ಏನು ಬರೆಯಬೇಕೆಂದು ತಿಳಿಯದೆ ಬಿಟ್ಟಿದ್ದರು. ಅದನ್ನು ನನಗೆ ತೋರಿಸುವಾಗ ಅವರ ಮುಖದಲ್ಲಿ ನಗು ಇರಲಿಲ್ಲ, ನಾನೂ ನಗಲಿಲ್ಲ.

ಮೂರನೆಯ ಸಲ ಮೆಟ್ಟಿಲು ಹತ್ತುವಾಗ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ತುಂಬಿತ್ತು. ಮ್ಯಾನೇಜರ್ ಪುಟಗಳ ಫೋಟೋ ತೆಗೆದುಕೊಂಡು, ಒಂದಿಷ್ಟು ಸಾಲುಗಳನ್ನು ಯಂತ್ರಕ್ಕೆ ಹಾಕಿ ತೋರಿಸಿದರು. ಸೊನ್ನೆ, ಸೊನ್ನೆ, ಕೆಲವಕ್ಕೆ ಸೊನ್ನೆಯೂ ಇಲ್ಲ, ಬರೀ ಗೆರೆ. ಇರಲಿ, ಆದರೂ ಇವನ್ನೇ ಹಿಡಿಯಿರಿ ಎಂದೆ. ಆಗ ಅವರು ಹೇಳಿದ್ದು ಕೇಳಿ ನಾನು ಕುರ್ಚಿಯಿಂದ ಎದ್ದೆ. ಬಹಳ ಕಡಿಮೆ ಜನ ಹುಡುಕುವ ಪದಗಳಿಗೆ ಯಂತ್ರ ಜಾಹೀರಾತನ್ನೇ ತೋರಿಸುವುದಿಲ್ಲವಂತೆ. ಆ ಪದದ ಮುಂದೆ ಹುಡುಕಾಟ ಕಡಿಮೆ ಎಂದು ಬರೆದು ಅದನ್ನು ಮಲಗಿಸಿಬಿಡುತ್ತದಂತೆ. ಮುಂದೆಂದಾದರೂ ಜನ ಹೆಚ್ಚಾದರೆ ತಾನಾಗಿ ಏಳುತ್ತದಂತೆ.

ಅಂದರೆ ಖಾನಾಪುರದ ಹೆಂಗಸರು ಮೊದಲು ಗುಂಪಾಗಿ ಒಂದೇ ಅಕ್ಷರದಲ್ಲಿ, ಒಂದೇ ಮಾತಿನಲ್ಲಿ ಹುಡುಕುವುದನ್ನು ಕಲಿಯಬೇಕು, ಆಮೇಲೆ ಅವರಿಗೆ ಉತ್ತರ. ಇದನ್ನು ನಾನು ಜೋರಾಗಿಯೇ ಹೇಳಿದೆ. ಉಳಿದ ಮೇಜುಗಳವರು ತಲೆ ಎತ್ತಿ ನೋಡಿದರು. ಇಷ್ಟು ವರ್ಷ ಕಲಿಸುವಾಗ ಒಮ್ಮೆಯೂ ಏರದ ನನ್ನ ದನಿ ಅಂದು ಏರಿತು.

“ನೀವು ಎಣಸಿದ್ದು ಯಂತ್ರಕ್ಕ ಕಂಡಷ್ಟು. ನಾ ಎಣಸಿದ್ದು ಮಂದೀನ್ನ. ಎರಡರಾಗ ಯಾವುದು ಖರೇ ಅಂತ ನೀವ ಹೇಳ್ರಿ.”

ಒಂದು ದಾರಿ ಇದೆ ಎಂದರು ಮ್ಯಾನೇಜರ್. ಕೀವರ್ಡ್ ಸಾದಾ ಇರಲಿ, ಬರೀ ಸ್ಕೂಟಿ, ಸ್ಕೂಟಿ ಕ್ಲಾಸ್ ಅಂತ. ಜಾಗವನ್ನು ಖಾನಾಪುರದ ಸುತ್ತ ಒಂದು ವೃತ್ತಕ್ಕೆ ಕಟ್ಟೋಣ. ಹೆಂಗಸರ ಮಾತುಗಳನ್ನು ಜಾಹೀರಾತಿನ ಒಳಗೆ ಬರೆಯೋಣ. ಈ ದಾರಿ ಮೊದಲ ದಿನವೂ ಇತ್ತಲ್ಲ ಎಂದೆ. ಅವರು ಒಂದು ಕಾಗದವನ್ನು ನನ್ನ ಕಡೆ ಸರಿಸಿ, ಸಾಲು ಬರೆಯಿರಿ ಎಂದರು.

ಜಾಹೀರಾತಿನ ಸಾಲು ನಾನೇ ಬರೆದೆ: ‘ಕಾಲು ನೆಲಕ್ಕೆ ಮುಟ್ಟದಿದ್ದರೂ ಸ್ಕೂಟಿ ಕಲಿಯಬಹುದು. ಕಲಿಸುವವರೂ ಹೆಂಗಸರೇ.’ ಅದನ್ನೇ ಮರಾಠಿಯಲ್ಲಿ ಟೀಚರು ಬರೆದುಕೊಟ್ಟರು. ಕರೆಗಳು ಕಡಿಮೆಯಾದವು. ಆದರೆ ಬಂದದ್ದೆಲ್ಲ ಹೆಂಗಸರವೇ, ಇಲ್ಲವೇ ಹೆಂಡತಿಗಾಗಿ ಕೇಳುವ ಸಭ್ಯ ಗಂಡಸರವು. ಒಂದೂವರೆ ತಿಂಗಳಲ್ಲಿ ಗಿರಣಿಯ ಅಂಗಳದಲ್ಲಿ ಒಂಬತ್ತು ಜನ ಆದರು. ಇಬ್ಬರು ಚಪ್ಪಲಿ ಬಿಟ್ಟು ಗಾಡಿ ಏರುತ್ತಿದ್ದರು, ಬೇಡ ಎಂದರೂ ಕೇಳುತ್ತಿರಲಿಲ್ಲ. ಅಂಗನವಾಡಿ ಟೀಚರು ಲೈಸೆನ್ಸ್ ಪಡೆದು, ಹಳೆಯದೊಂದು ಗಾಡಿ ಕೊಂಡು, ಈಗ ಬಸ್ಸಿನ ಹಾದಿ ಕಾಯದೆ ಅಂಗನವಾಡಿಗೆ ಹೋಗುತ್ತಾರೆ.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯುವುದರಲ್ಲೂ ಇತ್ತು. ಅಷ್ಟರಲ್ಲಿ ಬ್ಯಾಂಕಿನ ಹುಡುಗಿ ಆ ಕಚೇರಿಯವರು ತಮ್ಮ ಸೈಟಿನಲ್ಲಿ ಹಾಕಿಕೊಂಡದ್ದನ್ನು ತೋರಿಸಿದಳು. ಸಣ್ಣ ಊರಿನ ಮಹಿಳೆಯರ ಮನಸ್ಸನ್ನು ನಮ್ಮ ತಂಡ ಓದಿದ್ದು ಹೇಗೆ ಎಂದು ತಲೆಬರಹ. ಒಳಗೆ ನನ್ನ ನೋಟ್‌ಬುಕ್ಕಿನ ಸಾಲುಗಳು, ಕಾಲು ಮುಟ್ಟದ್ದು, ಸೀರೆ, ಸಿಝೇರಿಯನ್, ಎಲ್ಲ. ಹಿಂಡಲಗಾದ ಅತ್ತಿಗೆಯ ಅರ್ಧ ವಾಕ್ಯವನ್ನೂ ಬಿಟ್ಟಿರಲಿಲ್ಲ. ತಂಡದವರು ವಾರಗಟ್ಟಲೆ ಓಡಾಡಿ ಆಳವಾಗಿ ಅಧ್ಯಯನ ಮಾಡಿದರಂತೆ. ಜೊತೆಗೆ ಒಂದು ಫೋಟೋ: ಯಾವುದೋ ದೇಶದ ಸಮುದ್ರದ ದಂಡೆಯಲ್ಲಿ ಹೆಲ್ಮೆಟ್ ಇಲ್ಲದೆ, ಕೂದಲು ಹಾರಿಸಿಕೊಂಡು ಸ್ಕೂಟರ್ ಓಡಿಸುವ ಬಿಳಿಯ ಹುಡುಗಿ.

ಮ್ಯಾನೇಜರಿಗೆ ಫೋನು ಮಾಡಿದೆ. ಅವರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ.

“ನಿಮ್ಮ ಕ್ಲಾಸಿಗೂ ಪ್ರಚಾರ ಆತಲ್ರಿ ಮೇಡಮ್ಮರ,” ಎಂದರು.

ಪ್ರಚಾರ ನನಗೆ ಬೇಡ, ನಾನು ಸಂಘದ ಸಭೆಯಲ್ಲಿ ಬಾಯಿ ಬಿಟ್ಟು ಕೇಳಿದಾಗ ಆ ಹೆಂಗಸರು ನನ್ನನ್ನು ನಂಬಿ ಮೊಬೈಲ್ ಕೊಟ್ಟಿದ್ದರು, ನಿಮ್ಮನ್ನು ನಂಬಿ ಅಲ್ಲ ಎಂದೆ. ಗಂಡನ ಮಾತಿರುವ ಆ ಸಾಲನ್ನು ತೆಗೆಯಿರಿ ಎಂದೆ. ಹೆಸರು ಹಾಕಿಲ್ಲವಲ್ಲ ಎಂದರು. ಹೆಸರಿಲ್ಲದಿದ್ದರೂ ಆ ಅತ್ತಿಗೆ ಓದಿದರೆ ತಮ್ಮದೇ ಎಂದು ಗೊತ್ತಾಗುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ದಣಿವಾಯಿತು. ಎರಡು ದಿನ ಬಿಟ್ಟು ಆ ಸಾಲು ತೆಗೆದರು. ಉಳಿದದ್ದು ಹಾಗೇ ಇದೆ. ಗಿರಣಿಯ ಅಂಗಳದಲ್ಲಿ ನಮ್ಮವರು ಒಪ್ಪಿ ತೆಗೆಸಿಕೊಂಡ ಒಂದು ಫೋಟೋ ಕಳಿಸಿ, ಬಿಳಿಯ ಹುಡುಗಿಯ ಜಾಗದಲ್ಲಿ ಇದನ್ನು ಹಾಕಿ ಎಂದಿದ್ದೆ. ಕ್ವಾಲಿಟಿ ಸಾಲದು ಎಂದು ಉತ್ತರ ಬಂತು.

ಆ ಕಚೇರಿಯ ಸಹವಾಸ ಬಿಟ್ಟೆ. ಬ್ಯಾಂಕಿನ ಹುಡುಗಿ ಎರಡು ಭಾನುವಾರ ಕೂತು ಕಲಿಸಿದಳು, ಈಗ ಜಾಹೀರಾತನ್ನು ನಾನೇ ಹಾಕುತ್ತೇನೆ. ಯಂತ್ರದ ಅಂದಾಜನ್ನು ನೋಡುತ್ತೇನೆ, ನೋಡಿ ಪಕ್ಕಕ್ಕಿಡುತ್ತೇನೆ.

ಕಳೆದ ವಾರ ನಂದಗಡದ ಕಡೆಯಿಂದ ಇಬ್ಬರು ಓರಗಿತ್ತಿಯರು ಖಾನಾಪುರದ ಕ್ಲಾಸಿಗೆ ಬಂದರು. ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ, ಏನಂತ ಬರೆದು ನನ್ನನ್ನು ಹುಡುಕಿದಿರಿ ಎಂದು ಕೇಳಿದೆ. ಹಿರಿಯವಳು ಕಿರಿಯವಳ ಮುಖ ನೋಡಿದಳು. ಕಿರಿಯವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಇಬ್ಬರೂ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಬ್ರೇಕು ಎಲ್ಲಿದೆ ಎಂದು ತೋರಿಸಿ ಹಿರಿಯವಳನ್ನು ಮೊದಲು ಕೂರಿಸಿದೆ.